ಮನೆಗೆ ಒಂದೇ ನಂಬರು

ತಂಗಿ ನನಗೆ ಆ ಮಾತು ಹೇಳಿದ್ದು ಗಣೇಶನ ಹಬ್ಬದ ದಿನ ಮಧ್ಯಾಹ್ನವೋ, ಅದರ ಮಾರನೆಯ ದಿನವೋ, ಈಗ ಖಚಿತವಾಗಿ ಹೇಳಲಾರೆ. ಗೌರಿ ಬಾಗಿನಕ್ಕೆಂದು ಬೂದಿಗೆರೆಯಿಂದ ಬಂದು ಮೂರು ದಿನ ಇದ್ದಳು, ಅಷ್ಟು ನಿಜ. ಹಸಿರು ಸೀರೆ ಉಟ್ಟಿದ್ದಳು ಎಂದು ನೆನಪು. ಆದರೆ ಆ ವರ್ಷ ನಾವು ಕೊಟ್ಟದ್ದು ಹಸಿರು ಸೀರೆ. ಅದನ್ನು ಆಮೇಲೆ ನಾನೇ ಅವಳಿಗೆ ಮನಸ್ಸಿನಲ್ಲಿ ಉಡಿಸಿರಬಹುದು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು ಎಂಬುದೂ ಹಾಗೆಯೇ. ಐದು ವರ್ಷದ ಮಗು ಹಬ್ಬದ ಮನೆಯಲ್ಲಿ ಹಗಲು ಮಲಗುತ್ತದೆಯೇ?

ನಾನು ಇತಿಹಾಸ ಓದಿದವಳು. ದೇವನಹಳ್ಳಿ ಹತ್ತಿರದ ನಮ್ಮ ವಿಜಯಪುರದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಘಟನೆಗೂ ಬರವಣಿಗೆಗೂ ನಡುವೆ ಎಷ್ಟು ದಿನ ಕಳೆದಿದೆ ಎಂದು ಮೊದಲು ನೋಡಿ ಎಂದು ಪ್ರತಿ ವರ್ಷ ಹುಡುಗಿಯರಿಗೆ ಹೇಳುತ್ತೇನೆ. ನನ್ನ ನೆನಪನ್ನು ನಾನೇ ನಂಬದಿರುವುದರಿಂದ ಹದಿನೈದು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಮನೆಯ ಕಂಪ್ಯೂಟರಿನಲ್ಲಿ. ತಂಗಿಯ ಮಾತನ್ನೂ ಬರೆದೆ. ಯಾವ ದಿನ ಹೇಳಿದಳು ಎಂಬುದೊಂದನ್ನು ಬಿಟ್ಟು.

ಮನೆಯಲ್ಲಿರುವವರು ಮೂವರು: ಅಮ್ಮ, ದೇವನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಅಣ್ಣ, ನಾನು. ಅಣ್ಣನಿಗೂ ನನಗೂ ಮದುವೆ ಕೂಡಿಬರಲಿಲ್ಲ. ಮದುವೆಯಾದವಳು ತಂಗಿಯೊಬ್ಬಳೇ. ನೆಂಟರ ಮನೆಗಳಲ್ಲಿ ಅಮ್ಮ ತಲೆ ಎತ್ತಿ ಹೇಳಿಕೊಳ್ಳಬಹುದಾದ ಸಂಸಾರ ಅದೊಂದೇ ಆಗಿತ್ತು.

ನನ್ನ ಕೋಣೆಯ ಗೋಡೆಯಾಚೆ ಪಕ್ಕದವರ ರೇಷ್ಮೆ ನೂಲು ಹುರಿ ಮಾಡುವ ಮೆಷೀನುಗಳಿವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಸದ್ದು. ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಅದರ ನಡುಕ ತಿಳಿಯುತ್ತದೆ. ಚಿಕ್ಕವರಿದ್ದಾಗಿನಿಂದ ನಾನೂ ತಂಗಿಯೂ ಗುಟ್ಟು ಮಾತಾಡುವುದಿದ್ದರೆ ಆ ಗೋಡೆಯ ಬುಡದಲ್ಲೇ ಕೂರುತ್ತಿದ್ದೆವು. ನಮ್ಮ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ಪದ್ಧತಿಯಿಲ್ಲ. ಬಟ್ಟೆ ಬದಲಾಯಿಸುವವರು ಮಾತ್ರ ಬಾಗಿಲು ಮುಂದೆ ಮಾಡಿಕೊಳ್ಳಬಹುದು. ಮೆಷೀನಿನ ಸದ್ದೇ ನಮ್ಮ ಬಾಗಿಲು.

ಅವಳು ಹೇಳಿದ್ದು ಇಷ್ಟು. ಗಂಡ ಕೈ ಎತ್ತುವವನಲ್ಲ. ಆದರೆ ಕೋಪ ಬಂದರೆ ಅವಳನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಒಳಗಿನ ಚಿಲಕವನ್ನು ಎಂದೋ ಕಿತ್ತುಹಾಕಿದ್ದಾನೆ. ಮನೆಯಲ್ಲಿ ಅತ್ತೆ ಇದ್ದರೂ ತೆಗೆಯುವುದಿಲ್ಲ, ಅವನು ಬಂದ ಮೇಲೆಯೇ ತೆಗೆಯಬೇಕು. ಮಗು ಬಾಗಿಲಾಚೆ ಕೂತು ಆಡಿಕೊಳ್ಳುತ್ತದೆ.

"ಪಿಲ್ಲಗುಂಪೆ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಕೆಲ್ಸ ಸಿಕ್ಕಿದೆ ಕಣಕ್ಕ. ಒಂದನೇ ತಾರೀಕು ಬಾ ಅಂದವ್ರೆ. ಹೊಸಕೋಟೇಲಿ ಒಂದು ರೂಮೂ ನೋಡಿದೀನಿ."

"ಅಮ್ಮಂಗೆ?"

"ಯಾರ್ಗೂ ಬೇಡ. ಸೇರ್ಕೊಂಡ್ಮೇಲೆ ನಾನೇ ಹೇಳ್ತೀನಿ. ನಿನ್ ಬಾಯಿ ಗಟ್ಟಿ ಅಂತ ನಿಂಗೆ ಹೇಳ್ತಿರೋದು."

ರೂಮು ಎಷ್ಟು ದೊಡ್ಡದು, ನೀರು ಬರುತ್ತದೆಯೇ ಎಂದೆಲ್ಲ ಕೇಳಿದೆ. ಆಗ ಅವಳು ಅಂದದ್ದು ಅಥವಾ ಅಂದಳೆಂದು ನಾನು ಬರೆದದ್ದು: "ಚಿಲಕ ಒಳಗಡೆ ಇರೋ ಒಂದು ಬಾಗ್ಲು ಸಾಕಕ್ಕ ನಂಗೆ."

ನನ್ನ ಬಾಯಿ ಗಟ್ಟಿಯೇ ಇತ್ತು. ಅವಳು ಹೊರಟ ಮೇಲೆ ಕಂಪ್ಯೂಟರ್ ಮುಂದೆ ಕೂತು ಎಲ್ಲವನ್ನೂ ಟೈಪು ಮಾಡಿದೆ. ಒಂದನೇ ತಾರೀಖು, ಪಿಲ್ಲಗುಂಪೆ, ಹೊಸಕೋಟೆಯ ರೂಮು, ಚಿಲಕದ ಮಾತು. ಅದಕ್ಕೆ ಕಾರಣವಿತ್ತು ಎಂದುಕೊಂಡಿದ್ದೆ. ಮುಂದೆ ಯಾರಾದರೂ ಇದೆಲ್ಲ ನಡೆದೇ ಇಲ್ಲ ಎಂದರೆ ಒಂದು ದಾಖಲೆ ಇರಲಿ ಎಂದು. ಬರೆದು ಮುಗಿಸಿದಾಗ ನನಗೆ ಹಗುರವಾಯಿತು. ಹಗುರವಾದದ್ದು ನನಗೆ, ಅವಳಿಗಲ್ಲ ಎಂದು ಆಗ ಹೊಳೆಯಲಿಲ್ಲ.

ಒಂದನೇ ತಾರೀಖಿಗೆ ಮೂರು ದಿನ ಇರುವಾಗ, ಭಾನುವಾರ ಬೆಳಿಗ್ಗೆ, ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಸೋದರಮಾವನೂ ಬಂದಿದ್ದ. ಎಲ್ಲಿಗೆ ಎಂದು ಕೇಳಿದರೆ ಅಣ್ಣ "ಇಲ್ಲೇ" ಎಂದ. ಮಧ್ಯಾಹ್ನ ವಾಪಸು ಬಂದಾಗ ಅವನ ಕೈಯಲ್ಲಿ ತಂಗಿಯ ಪ್ಲಾಸ್ಟಿಕ್ ಫೈಲು ಇತ್ತು. ಅದರಲ್ಲಿ ಅವಳ ಮಾರ್ಕ್ಸ್ ಕಾರ್ಡುಗಳು, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ಅಮ್ಮ ಏನೂ ಕೇಳದೆ ಬೀರು ತೆಗೆದಳು. ಫೈಲು ಒಳಗೆ ಹೋಯಿತು. ಬೀಗದ ಕೈ ಅಮ್ಮನ ಸೊಂಟಕ್ಕೆ ಹೋಯಿತು.

ಊಟಕ್ಕೆ ಕೂತಾಗ ಸೋದರಮಾವ ಹೇಳಿದ: "ಎಲ್ಲಾ ಸರಿಹೋಯ್ತು ಬಿಡಿ. ಅಳಿಯಂದ್ರೂ ಒಪ್ಕೊಂಡ್ರು. ಇನ್ಮೇಲೆ ಹಂಗೆಲ್ಲ ಮಾಡಲ್ಲ ಅಂದವ್ರೆ."

ಅಣ್ಣ ಮುದ್ದೆ ಮುರಿಯುತ್ತ, ಯಾರನ್ನೂ ನೋಡದೆ ಅಂದ: "ಚಿಲಕ ಒಳಗಡೆ ಇರೋ ಬಾಗ್ಲು ಬೇಕಂತೆ ಅವ್ಳಿಗೆ. ನಮ್ಮನೇಲೇ ಇಲ್ಲ, ಇನ್ನು ಅಲ್ಲೆಲ್ಲಿಂದ ತರೋದು?"

ಸೋದರಮಾವ ನಕ್ಕ.

ಎರಡು ದಿನದ ಮೇಲೆ ತಂಗಿ ಗಂಡನ ಫೋನಿನಿಂದ ಮಾತಾಡಿದಳು. ಅವಳ ಫೋನು ಅತ್ತೆಯ ಹತ್ತಿರವಿತ್ತು. ಪಕ್ಕದಲ್ಲಿ ಯಾರೋ ಇದ್ದಿರಬೇಕು, ಧ್ವನಿ ಸಮವಾಗಿತ್ತು. "ಅಕ್ಕ, ನಿಂಗೊಬ್ಳಿಗೇ ಹೇಳಿದ್ದೆ ನಾನು." ನಾನು ಬಾಯಿ ತೆರೆಯುವಷ್ಟರಲ್ಲಿ, "ಸರಿ, ಅಮ್ಮಂಗೆ ಕೊಡು" ಅಂದಳು. ಅಮ್ಮನ ಹತ್ತಿರ ಅವರೇಕಾಯಿಯ ಮಾತಾಡಿದಳು. ದೀಪಾವಳಿಗೆ ಬರಲಿಲ್ಲ.

ನಾನು ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಅಣ್ಣನಿಗೆ ತಿಳಿದದ್ದು ಹೇಗೆ? ಅದೂ ಆ ಚಿಲಕದ ಮಾತು, ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ?

ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಅದರ ಯಜಮಾನರು ಮೊದಲು ಹುರಿ ಮೆಷೀನುಗಳ ಮೋಟಾರು ರಿಪೇರಿ ಮಾಡುತ್ತಿದ್ದವರು. ನಮ್ಮ ಕಂಪ್ಯೂಟರ್ ಕೊಂಡದ್ದು ಅವರಲ್ಲೇ. ಸಿಪಿಯು ಡಬ್ಬವನ್ನು ಆಟೋದಲ್ಲಿಟ್ಟುಕೊಂಡು ಹೋದೆ. ನನ್ನ ಫೈಲುಗಳನ್ನು ಬೇರೆ ಯಾರಾದರೂ ನೋಡಿದ್ದಾರೆಯೇ ತಿಳಿಯಬೇಕಿತ್ತು ಎಂದೆ.

"ಪಾಸ್‌ವರ್ಡ್ ಏನಿಟ್ಟಿದೀರ?"

ನಾನು ಹೇಳಲು ಹಿಂಜರಿದೆ.

"ಮನೆದೇವ್ರ ಹೆಸರು, ಮುಂದೆ ಒಂದು ಎರಡು ಮೂರು. ಅಲ್ವಾ?" ಅವರು ನಗಲಿಲ್ಲ. "ಈ ಊರಲ್ಲಿ ಅರ್ಧ ಕಂಪ್ಯೂಟರು ಮನೆದೇವ್ರ ಹೆಸರಿಗೇ ತೆಗೀತವೆ ಮೇಡಂ. ನಿಮ್ ಒಕ್ಕಲಿನವ್ರು ಎಷ್ಟ್ ಮನೆ ಇದೀರೋ ಅಷ್ಟೂ ಮನೆಗೂ ನಿಮ್ ಪಾಸ್‌ವರ್ಡ್ ಗೊತ್ತು."

ಆಮೇಲೆ ಅವರು ತೋರಿಸಿದ್ದು ಅದಕ್ಕಿಂತ ಕೆಟ್ಟದು. ಕಂಪ್ಯೂಟರ್ ಜೊತೆಗೇ ಬಂದಿದ್ದ ಆಪರೇಟಿಂಗ್ ಸಿಸ್ಟಮ್ ಮೊದಲ ದಿನವೇ ಒಂದು ಖಾತೆ ತೆರೆಯಿಸಿಕೊಂಡಿತ್ತು. ನಾನು ಬರೆದದ್ದೆಲ್ಲ ಆ ಖಾತೆಯ ಮೂಲಕ ಇಂಟರ್‌ನೆಟ್‌ನಲ್ಲಿ ಎಲ್ಲೋ ಒಂದು ಪ್ರತಿಯಾಗಿ ಕೂರುತ್ತಿತ್ತು. ಖಾತೆ ಇದ್ದದ್ದು ಒಂದು ಮೊಬೈಲ್ ನಂಬರಿನ ಮೇಲೆ. ಅದು ಅಣ್ಣನ ನಂಬರು.

ಕೊಟ್ಟವಳು ನಾನೇ. ಇದು ಮಾತ್ರ ಸ್ಪಷ್ಟವಾಗಿ ನೆನಪಿದೆ, ಅಥವಾ ನೆನಪಿರಲೇಬೇಕು ಎಂದು ಈಗ ಅನ್ನಿಸುತ್ತಿದೆ. ಕೊಂಡ ದಿನ ಅದೇ ಮೇಜಿನ ಮುಂದೆ ಅವರು "ಮೊಬೈಲ್ ನಂಬರ್ ಹೇಳಿ ಮೇಡಂ" ಎಂದರು. ನನ್ನ ಫೋನು ನನ್ನ ಚೀಲದಲ್ಲಿತ್ತು. ನನ್ನ ಬಾಯಿಗೆ ಬಂದದ್ದು ಅಣ್ಣನ ನಂಬರು. ನಮ್ಮ ಮನೆಯಲ್ಲಿ ಯಾರು ನಂಬರು ಕೇಳಿದರೂ ಅದೇ: ಗ್ಯಾಸಿಗೆ, ರೇಷನ್ ಕಾರ್ಡಿಗೆ, ತಂಗಿಯ ಪರೀಕ್ಷೆಗೆ, ನನ್ನ ಬ್ಯಾಂಕಿಗೆ. ಆ ಹತ್ತು ಅಂಕಿಗಳು ನನ್ನ ಹೆಸರಿಗಿಂತ ಬೇಗ ನನ್ನ ಬಾಯಿಗೆ ಬರುತ್ತವೆ. ಕಚೇರಿಯಲ್ಲಿದ್ದ ಅಣ್ಣನಿಗೆ ಓಟಿಪಿ ಹೋಯಿತು. ಅವನು ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಿದ. ನಾನು "ಹೂಂ, ಹೂಂ" ಎನ್ನುತ್ತ ಬರೆದುಕೊಂಡೆ. ಅಣ್ಣನಿಗೆ ಒಂದು ಕೆಲಸ ಕೊಟ್ಟೆ ಎಂಬ ಸಣ್ಣ ಸಂತೋಷವೂ ಆಗಿತ್ತು.

"ಹೋದ ವರ್ಷ ನಿಮ್ಮಣ್ಣ ಹೊಸ ಫೋನ್ ತಂದ್ರಲ್ಲ, ಅದನ್ನ ಸೆಟ್ ಮಾಡಿದ್ದು ನಾನೇ" ಎಂದರು ಅಂಗಡಿಯವರು. "ಈ ನಂಬರಿಗೆ ಆಗ್ಲೇ ಖಾತೆ ಐತೆ ಅಂತು. ಪಾಸ್‌ವರ್ಡ್ ಕೇಳ್ತು. ನಿಮ್ಮಣ್ಣ ಮನೆದೇವ್ರ ಹೆಸರು ಒತ್ತಿದ್ರು. ತಗೊಂತು."

ಖಾತೆಯ ಒಂದು ಪುಟದಲ್ಲಿ ಅದಕ್ಕೆ ಸೇರಿದ ಸಾಧನಗಳ ಪಟ್ಟಿಯಿತ್ತು. ನನ್ನ ಕಂಪ್ಯೂಟರ್ ಒಂದು. ಕೆಳಗೆ ಅಣ್ಣನ ಫೋನು. ಕೊನೆಯ ಬಾರಿ ಬಳಸಿದ್ದು ಆ ದಿನವೇ ಬೆಳಿಗ್ಗೆ, ಅವನು ದೇವನಹಳ್ಳಿ ಬಸ್ಸಿನಲ್ಲಿ ಕೂತಿರುವ ಹೊತ್ತು.

"ಅಂದ್ರೆ ಅವನು ಓದಿದಾನೆ."

"ಹಂಗಂತ ಹೇಳಕ್ಕಾಗಲ್ಲ ಮೇಡಂ. ಫೋನ್ ಸುಮ್ನೆ ಜೇಬಲ್ಲಿದ್ರೂ ಅದು ಹಂಗೇ ತೋರ್ಸತ್ತೆ. ಬಾಗ್ಲು ತೆಗ್ದಿತ್ತು ಅಂತ ಹೇಳ್ಬೋದು. ಯಾರು ಒಳಕ್ಕೆ ಹೋದ್ರು ಅಂತ ಹೇಳಕ್ಕಾಗಲ್ಲ."

ಒಂದು ಆಸೆ ಉಳಿದಿತ್ತು. ನಾನು ಕನ್ನಡ ಟೈಪು ಮಾಡಲು ಕಲಿತದ್ದು ನುಡಿ ತಂತ್ರಾಂಶದಲ್ಲಿ. ಹಳೆಯ ನುಡಿ ಫೈಲುಗಳನ್ನು ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಅಕ್ಷರಗಳು ಸಾಲುಸಾಲಾಗಿ ಬರುತ್ತವೆ. ಅಪ್ಪ ಸತ್ತ ವರ್ಷದ ದಿನಚರಿ, ನನಗೆ ಗಂಡು ನೋಡಿದ ವರ್ಷಗಳ ದಿನಚರಿ ಎಲ್ಲ ಹಾಗೆಯೇ ಇದೆ. ಅಣ್ಣ ತೆರೆದಿದ್ದರೂ ಅವನಿಗೆ ಏನೂ ಸಿಕ್ಕಿರುವುದಿಲ್ಲ. ಮನೆಗೆ ಬಂದು ತಂಗಿಯ ಪುಟವನ್ನು ತೆರೆದು ನೋಡಿದೆ. ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲಿತ್ತು. ಆ ವರ್ಷದ ಬೇಸಿಗೆಯಲ್ಲಿ ಕಾಲೇಜಿನವರು ಎಲ್ಲವನ್ನೂ ಯುನಿಕೋಡಿನಲ್ಲೇ ಕೊಡಿ ಎಂದಿದ್ದರು. ಅಂದಿನಿಂದ ನಾನು ಬದಲಾಯಿಸಿಕೊಂಡಿದ್ದೆ. ಕಂಪ್ಯೂಟರಿನಲ್ಲಿದ್ದ ಅಷ್ಟು ವರ್ಷದ ನನ್ನ ಕಥೆ ಯಾರಿಗೂ ಓದಲಾಗದ ಹಾಗೆ ಉಳಿದಿತ್ತು. ಅವಳದು ಮಾತ್ರ ಯಾವ ಫೋನಿನಲ್ಲೂ ಅಚ್ಚುಕಟ್ಟಾಗಿ ಓದಬಹುದಿತ್ತು.

ಆಮೇಲಿನ ಕೆಲವು ವಾರ ನಾನು ಮಾಡಿದ ಕೆಲಸಗಳನ್ನು ನೆನೆದರೆ ನಾಚಿಕೆಯಾಗುತ್ತದೆ. ಖಾತೆಯಿಂದ ಅಣ್ಣನ ಫೋನನ್ನು ತೆಗೆದೆ. ನಂಬರು ಬದಲಾಯಿಸಲು ಹೋದರೆ ಹಳೆಯ ನಂಬರಿಗೆ ಬಂದ ಓಟಿಪಿ ಹೇಳಿ ಎಂದಿತು. ಅವನು ಸ್ನಾನಕ್ಕೆ ಹೋದಾಗ ಅವನ ಫೋನಿನಿಂದ ನೋಡಿಕೊಂಡೆ. ಬೇರೆಯವರ ಫೋನು ತೆರೆಯುವುದು ಎಷ್ಟು ಸುಲಭ ಎಂದು ಗೊತ್ತಾಯಿತು. ಪಾಸ್‌ವರ್ಡನ್ನು ದೇವರ ಸಂಬಂಧವಿಲ್ಲದ ಪದಕ್ಕೆ ಬದಲಾಯಿಸಿದೆ. ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಮೆರಾದ ಕಣ್ಣಿಗೆ ಹಣೆಬೊಟ್ಟು ಅಂಟಿಸಿದೆ. ಅಮ್ಮ ಅದನ್ನು ನೋಡಿ, "ಅದಕ್ಯಾಕೆ ಬೊಟ್ಟಿಟ್ಟಿದೀಯ?" ಎಂದಳು.

"ಯಾರೂ ನೋಡ್ದೇ ಇರ್ಲಿ ಅಂತ."

"ನಮ್ಮನೇಲಿ ಬೇರೆಯವ್ರು ಯಾರವ್ರೆ?"

ಸಲಹೆಗಳನ್ನು ತುಂಬಾ ಓದಿದೆ. ಎಲ್ಲದರಲ್ಲೂ ಶತ್ರು ದೂರದವನು: ಯಾವುದೋ ದೇಶದ ಕಳ್ಳ, ಯಾವುದೋ ದೊಡ್ಡ ಕಂಪನಿ. ಎದುರು ಕೂತು ಮುದ್ದೆ ಮುರಿಯುವವನ ಬಗ್ಗೆ ಯಾರೂ ಬರೆದಿರಲಿಲ್ಲ. ಕೊನೆಗೆ ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು ಲಿನಕ್ಸ್ ಹಾಕಿಕೊಳ್ಳುವುದು ಎಂದು ನಿರ್ಧರಿಸಿದೆ. ಅದಕ್ಕೆ ಕಂಪನಿಯಿಲ್ಲ, ಖಾತೆ ಬೇಡ, ನಂಬರು ಕೇಳುವುದಿಲ್ಲ. ಡಿಸ್ಕಿಗೇ ಬೀಗ ಹಾಕಬಹುದು. ಅಂಗಡಿಯವರು ಒಂದು ಪೆನ್‌ಡ್ರೈವ್ ಕೊಟ್ಟರು. "ಮೊದ್ಲು ಹಾಕ್ದೇನೇ ಓಡ್ಸಿ ನೋಡಿ. ಏನೂ ಅಳಿಯಲ್ಲ. ಇಷ್ಟ ಆದ್ರೆ ಹಾಕಿ. ಹಾಕಿದ್ಮೇಲೆ ಹಳೇದೇನೂ ಉಳಿಯಲ್ಲ, ಹೇಳಿರ್ತೀನಿ."

ಒಂದು ಶನಿವಾರ ಮಧ್ಯಾಹ್ನ ಅದನ್ನು ಚುಚ್ಚಿ ಶುರು ಮಾಡಿದೆ. ಪರದೆ ಬೇರೆ ಬಣ್ಣದಲ್ಲಿ ಬಂತು. ಹೊಸ ಬಾಡಿಗೆ ಮನೆಯ ಹಾಗೆ ಖಾಲಿಯಾಗಿ, ಸುಣ್ಣ ಹೊಡೆದ ಹಾಗಿತ್ತು. ಯಾರೂ ನನ್ನ ಹೆಸರು ಕೇಳಲಿಲ್ಲ. ಒಂದು ಕ್ಷಣ, ಹೊಸಕೋಟೆಯ ಆ ರೂಮಿನ ಬಾಗಿಲು ತೆಗೆದು ತಂಗಿ ಮೊದಲ ಬಾರಿ ಒಳಗೆ ಕಾಲಿಟ್ಟಿದ್ದರೆ ಹೀಗೇ ಅನಿಸುತ್ತಿತ್ತೇನೋ ಎಂದುಕೊಂಡೆ. ತಕ್ಷಣ ಆ ಯೋಚನೆಗೆ ಹೇಸಿಗೆಯಾಯಿತು. ಅವಳಿಗೆ ಸಿಗದ ಬಾಗಿಲನ್ನು ನಾನು ನನ್ನ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಿದ್ದೆ.

ಹಳೆಯ ದಿನಚರಿಗಳನ್ನು ತೆರೆದೆ. ನುಡಿಯಲ್ಲಿದ್ದವು ಪೌಂಡ್ ಚಿಹ್ನೆಗಳಾಗಿ ಬಂದವು. ಅಪ್ಪನ ಕೊನೆಯ ದಿನಗಳು ನನಗೇ ಓದಲಾಗಲಿಲ್ಲ. ಅವನ್ನೆಲ್ಲ ಯುನಿಕೋಡಿಗೆ ಬದಲಾಯಿಸದೆ ಇಲ್ಲಿಗೆ ಬರುವಂತಿಲ್ಲ. ಬದಲಾಯಿಸಿದರೆ ಅವೂ ಯಾರಿಗೆ ಬೇಕಾದರೂ ಓದಲು ಸಿಗುತ್ತವೆ. ಆದರೆ ನನ್ನನ್ನು ತಡೆದದ್ದು ಅದಲ್ಲ. ತಂಗಿಯ ಪುಟವನ್ನು ತೆರೆದೆ. ಇಲ್ಲೂ ಅದು ಸರಿಯಾಗಿಯೇ ಕಂಡಿತು. ಬೇರೆ ಬಣ್ಣದ ಕಿಟಕಿಯಲ್ಲಿ, ಬೇರೆ ಅಕ್ಷರದಲ್ಲಿ, ಬೇರೆ ಯಾರೋ ಬರೆದದ್ದರ ಹಾಗೆ ಅದನ್ನು ಓದಿದೆ.

ಪುಟದ ತಾರೀಖು ಅವಳು ಹೊರಟುಹೋದ ದಿನದ್ದು. "ತಂಗಿ ಹೇಳಿದ್ದು" ಎಂದು ಶುರುವಾಗುತ್ತದೆ. ಯಾವತ್ತು ಹೇಳಿದ್ದು ಎಂದಿಲ್ಲ. ಚಿಲಕದ ಸಾಲಿಗೆ ಬಂದಾಗ ನಿಂತೆ. ಅದು ಅವಳು ಮಾತಾಡುವ ರೀತಿಯಲ್ಲ ಅನ್ನಿಸಿತು. ತಂಗಿ ನೇರ ಮಾತಿನವಳು. ರೂಮಿಗೆ ಬಾಡಿಗೆ ಎಷ್ಟು, ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತಾಡುವವಳು. ಆ ಸಾಲಿಗೆ ಒಂದು ನಯವಿದೆ. ಅದು ನನ್ನ ಸಾಲಿರಬಹುದು. ಅವಳು "ಬಾಗ್ಲಿಗೆ ಚಿಲ್ಕ ಐತೆ ನೋಡ್ದೆ" ಎಂದಷ್ಟೇ ಅಂದಿದ್ದು, ನಾನು ಅದನ್ನು ತಿದ್ದಿ ಬರೆದಿದ್ದರೆ, ಆ ಮಾತು ಲೋಕದಲ್ಲಿ ಇದ್ದದ್ದು ಈ ಫೈಲಿನಲ್ಲಿ ಮಾತ್ರ. ಅಣ್ಣ ಅದನ್ನು ಬೇರೆಲ್ಲಿಂದಲೂ ತಂದಿರಲಾರ. ಹಾಗಾದರೆ ತಂಗಿಯನ್ನು ಹಿಡಿದುಕೊಟ್ಟದ್ದು ನನ್ನ ಬರವಣಿಗೆಯೇ.

ಅವಳೇ ಹಾಗೆ ಅಂದಿದ್ದರೆ ಇನ್ನೊಂದು ದಾರಿಯಿದೆ. ಅದು ಹೊಳೆದದ್ದು ಆ ಕ್ಷಣದಲ್ಲೇ, ಗೋಡೆಯಾಚೆ ಶನಿವಾರದ ಮೆಷೀನುಗಳ ಸದ್ದು ಕಿವಿಗೆ ಬಿದ್ದಾಗ. ಗಣೇಶನ ಹಬ್ಬದ ದಿನ ಪಕ್ಕದವರು ಮೆಷೀನು ಓಡಿಸುವುದಿಲ್ಲ. ಪೂಜೆ ಮಾಡಿ ಬಾಳೆಕಂಬ ಕಟ್ಟಿ ಸುಮ್ಮನೆ ಬಿಡುತ್ತಾರೆ. ಮಾರನೆಯ ದಿನದಿಂದ ಮತ್ತೆ ಓಡುತ್ತವೆ. ತಂಗಿ ಹೇಳಿದ್ದು ಹಬ್ಬದ ದಿನವೇ ಆಗಿದ್ದರೆ ನಾವಿಬ್ಬರೂ ಅಭ್ಯಾಸಬಲದಿಂದ, ಸದ್ದಿಲ್ಲದ ಗೋಡೆಗೆ ಒರಗಿ, ತೆರೆದ ಬಾಗಿಲ ಮುಂದೆ, ಮಾಮೂಲಿ ಧ್ವನಿಯಲ್ಲಿ ಎಲ್ಲವನ್ನೂ ಮಾತಾಡಿದ್ದೇವೆ. ನಡುಮನೆಯಲ್ಲಿ ಅಮ್ಮ ಇದ್ದಳು. ಕಡುಬಿಗೆ ಕಾಯಿ ತುರಿಯುತ್ತಿದ್ದಳು, ಅಥವಾ ಅದು ಹಿಂದಿನ ವರ್ಷವೋ. ಅಮ್ಮ ಕೇಳಿಸಿಕೊಂಡು ಅಣ್ಣನಿಗೆ ಹೇಳಿದ್ದರೆ ಫೈಲು, ಖಾತೆ, ನಂಬರು ಯಾವುದೂ ಕಾರಣವಲ್ಲ.

ಪರದೆಯ ಮೇಲೆ, ಇಡೀ ಡಿಸ್ಕನ್ನು ಅಳಿಸಿ ಹೊಸ ಸಿಸ್ಟಮ್ ಹಾಕಲೇ ಎಂಬ ಪ್ರಶ್ನೆಯಿತ್ತು. ಒತ್ತಿಬಿಡಬಹುದಿತ್ತು. ಒತ್ತಿದರೆ ತಪ್ಪು ಹಳೆಯ ಸಿಸ್ಟಮಿನದು ಎಂದು ನಾನೇ ತೀರ್ಪು ಕೊಟ್ಟ ಹಾಗಾಗುತ್ತಿತ್ತು. ಅಪರಾಧಿಯನ್ನು ಅಳಿಸಿ, ಬೀಗ ಹಾಕಿ, ನೆಮ್ಮದಿಯಿಂದ ದಿನಚರಿ ಮುಂದುವರಿಸಬಹುದಿತ್ತು. ಆ ನೆಮ್ಮದಿ ನನಗೆ ಎಷ್ಟು ಬೇಕಾಗಿತ್ತು ಎಂಬುದೇ ನನ್ನನ್ನು ಹೆದರಿಸಿತು. ಪೆನ್‌ಡ್ರೈವ್ ಕಿತ್ತೆ. ಅಂದಿನಿಂದ ಅದು ಮೇಜಿನ ಖಾನೆಯಲ್ಲಿದೆ. ಅಂಗಡಿಯವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ, "ಹಾಕಿದ್ರಾ ಮೇಡಂ?" ಇನ್ನೂ ಇಲ್ಲ ಎನ್ನುತ್ತೇನೆ.

ಅಣ್ಣನನ್ನು ಕೇಳಬಹುದಲ್ಲ ಎಂದು ಓದುವವರಿಗೆ ಅನಿಸಬಹುದು. ಒಮ್ಮೆ ಕೇಳಿದೆ, ಯಾರು ಹೇಳಿದರು ನಿನಗೆ ಎಂದು. "ಯಾರ್ ಹೇಳಿದ್ರೇನು, ಒಳ್ಳೇದಾಯ್ತಲ್ಲ" ಎಂದ. ಒಳ್ಳೆಯದಾಗಿಲ್ಲ. ತಂಗಿಯ ಫೋನು ಅವಳ ಕೈಗೆ ಬಂದಿಲ್ಲ. ಅವಳ ಫೈಲು ನಮ್ಮ ಬೀರುವಿನಲ್ಲಿದೆ. ಬೀಗದ ಕೈ ಕೇಳುವ ಧೈರ್ಯ ನನಗೂ ಬಂದಿಲ್ಲ. ಇದನ್ನು ಬರೆಯುವಾಗ ಆ ಕೊನೆಯ ಸಾಲನ್ನು ಬಿಟ್ಟುಬಿಡಬಹುದಿತ್ತು, ಬಿಟ್ಟಿಲ್ಲ.

ಹೋದ ವಾರ ಅಮ್ಮ ಜಗಲಿಯಲ್ಲಿ ಕೂತು ಅವರೇಕಾಯಿ ಸುಲಿಯುತ್ತಿದ್ದಳು. ನಾನೂ ಮೊರ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಪಕ್ಕದ ಮನೆಯಲ್ಲಿ ಕರೆಂಟು ಹೋಗಿ ಮೆಷೀನುಗಳು ನಿಂತವು. ಅಮ್ಮ ಪಾತ್ರೆಗೆ ಕಾಳು ಹಾಕುವ ಸದ್ದು ಕೂಡ ಕೇಳುವಷ್ಟು ಮೌನವಾಯಿತು. ಅಣ್ಣ ಓದಿದನಾ, ನೀನು ಕೇಳಿಸಿಕೊಂಡೆಯಾ, ಅವನಿಗೆ ಹೇಳಿದೆಯಾ ಎಂದು ಯಾವುದನ್ನೂ ಕೇಳಲು ನನಗಾಗಲಿಲ್ಲ. ಕೇಳಿದ್ದು ಒಂದು ಸಣ್ಣ ವಿಷಯ, ಯಾರಾದರೂ ಉತ್ತರಿಸಬಹುದಾದದ್ದು.

"ಅಮ್ಮ, ಹಬ್ಬಕ್ಕೆ ಬಂದಾಗ ಚಿಕ್ಕೋಳೂ ನಾನೂ ಕೋಣೇಲಿ ಕೂತ್ಕೊಂಡು ಮಾತಾಡ್ತಿದ್ವಲ್ಲ, ಅವತ್ತು ಪಕ್ಕದ್ಮನೆ ಮೆಷೀನು ಓಡ್ತಿತ್ತಾ?"

ಅಮ್ಮನ ಕೈ ನಿಂತಿತು. ಸೊಂಟದ ಬೀಗದ ಕೈಯನ್ನು ಸೆರಗಿನೊಳಕ್ಕೆ ಸರಿಸಿಕೊಂಡಳು. ಆಮೇಲೆ ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡಳು. ಇವತ್ತಿಗೆ ಒಂಬತ್ತು ದಿನ. ಇನ್ನೂ ಹೇಳಿಲ್ಲ.